ಬಿರುದು ಬಾವಲಿಗಳ ಬೆಲೆ

ತೆಂಗಿನ ಮರವನ್ನು ತನ್ನ ರಾಷ್ಟ್ರಲಾಂಛನದ ನೆತ್ತಿಯ ಮೇಲೆ ಧರಿಸಿದ ದೇಶವೊಂದು ಈ ಭೂಮಂಡಲದಲ್ಲಿ ಉಂಟೆಂದರೆ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸೀಮೆಯವರಿಗೆ ಅದು ದೂರದ ನೆಂಟರ ಸುದ್ದಿಯಂತೆ ಕೇಳಿಸೀತು. ಕೆರಿಬಿಯನ್ ಸಮುದ್ರದ ದಕ್ಷಿಣದ ಅಂಚಿನಲ್ಲಿ, ವೆನಿಜುವೆಲಾ ದೇಶದ ಕರಾವಳಿಗೆ ಸಮೀಪದಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ಎಂಬ ಎರಡು ದ್ವೀಪಗಳ ಗಣರಾಜ್ಯವಿದೆ. ಆ ದೇಶದ ಲಾಂಛನದ ತುದಿಯಲ್ಲಿ ಹಡಗಿನ ಚುಕ್ಕಾಣಿಚಕ್ರವೊಂದು ಇದ್ದು, ಅದರ ಹಿಂದೆ ಕಾಯಿ ಬಿಟ್ಟ ತೆಂಗಿನ ಮರ ನಿಂತಿದೆ. ಕಲ್ಪತರು ನಾಡೆಂದು ಹೆಸರಾದ ತುಮಕೂರು ಜಿಲ್ಲೆಯಲ್ಲಿ ತೆಂಗು ಬದುಕಿನ ಆಧಾರವಾಗಿದ್ದರೆ, ಆ ದ್ವೀಪದೇಶದಲ್ಲಿ ಅದು ರಾಜ್ಯದ ಗುರುತೇ ಆಗಿ ನಿಂತಿದೆ.

ಆದರೆ ಅದೇ ದೇಶ ತನ್ನ ಅತ್ಯುನ್ನತ ಗೌರವಕ್ಕೆ ಗುರುತನ್ನು ಆರಿಸಿಕೊಳ್ಳುವ ಸಂದರ್ಭದಲ್ಲಿ ತೆಂಗನ್ನು ಆರಿಸಲಿಲ್ಲ. ಆ ಆಯ್ಕೆಯಿಂದ ಹುಟ್ಟಿದ ವ್ಯಾಜ್ಯ ನಲವತ್ತು ವರ್ಷಗಳ ತರುವಾಯವಷ್ಟೇ ಕೊನೆಗಂಡಿತು. ಮನ್ನಣೆಯನ್ನು ಕೊಡುವವರು ಮತ್ತು ಪಡೆಯುವವರು ಇಬ್ಬರೂ ತಿಳಿದುಕೊಳ್ಳಬೇಕಾದ ಪಾಠವೊಂದು ಅದರಲ್ಲಿದೆ. ವಿದ್ಯಾಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಯಾರನ್ನಾದರೂ ವೇದಿಕೆಗೆ ಕರೆದು ಗೌರವಿಸುತ್ತವೆಯಾದ್ದರಿಂದ ಆ ಪಾಠ ಅವುಗಳಿಗೂ ಸಲ್ಲುತ್ತದೆ.

1498ರ ಜುಲೈ 31ರಂದು ಆ ದ್ವೀಪವನ್ನು ಕಂಡ ಕೊಲಂಬಸನು ಕ್ರೈಸ್ತಧರ್ಮದ ತ್ರಯೈಕ್ಯದ ನೆನಪಿನಲ್ಲಿ ಅದಕ್ಕೆ ಟ್ರಿನಿಡಾಡ್ ಎಂದು ಹೆಸರಿಟ್ಟನು. ಸ್ಪೇನಿನವರ ಕೈಯಿಂದ ಬ್ರಿಟಿಷರ ಕೈಗೆ ಬಂದ ಆ ನೆಲದಲ್ಲಿ ಕಬ್ಬಿನ ತೋಟಗಳು ಎದ್ದವು. ಗುಲಾಮಗಿರಿ ರದ್ದಾದ ಮೇಲೆ ತೋಟದ ಒಡೆಯರು ಕೂಲಿಗಳನ್ನು ಅರಸಿ ಭಾರತದತ್ತ ತಿರುಗಿದರು. 1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಮೊದಲ ತಂಡದ ಭಾರತೀಯ ಕೂಲಿಗಳನ್ನು ಆ ದಡಕ್ಕೆ ಇಳಿಸಿತು. 1917ರವರೆಗೆ ಸುಮಾರು 1 ಲಕ್ಷ 40 ಸಾವಿರ ಜನ ಕರಾರಿಗೆ ಹೆಬ್ಬೆಟ್ಟೊತ್ತಿ ಹೀಗೆ ಸಮುದ್ರ ದಾಟಿದರು. ಅವರಲ್ಲಿ ಬಹುಮಂದಿ ಗಂಗಾನದಿಯ ಬಯಲಿನವರು. ಮದರಾಸಿನ ಬಂದರಿನಿಂದ ಹೊರಟ ದಕ್ಷಿಣದವರೂ ಇದ್ದರು. ಕರಾರಿನ ಅವಧಿ ಮುಗಿದರೂ ಹೆಚ್ಚಿನವರು ಹಿಂದಿರುಗಲಿಲ್ಲ. ತಮ್ಮ ದೇವರನ್ನೂ ಹಬ್ಬಗಳನ್ನೂ ಹಾಡುಗಳನ್ನೂ ಉಳಿಸಿಕೊಂಡು ಅಲ್ಲಿಯೇ ನೆಲೆನಿಂತರು. ಈಗ ಆ ದೇಶದ ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಭಾರತೀಯ ಮೂಲದವರು.

1962ರಲ್ಲಿ ಆ ದೇಶ ಸ್ವತಂತ್ರವಾಯಿತು. ಸ್ವತಂತ್ರ ದೇಶಕ್ಕೆ ತನ್ನವೇ ಆದ ಗೌರವಗಳು ಬೇಕಲ್ಲವೆ? 1969ರಲ್ಲಿ ರಾಷ್ಟ್ರೀಯ ಪುರಸ್ಕಾರಗಳ ಒಂದು ಶ್ರೇಣಿಯನ್ನು ಸ್ಥಾಪಿಸಲಾಯಿತು. ಅದರಲ್ಲಿ ಅತ್ಯುನ್ನತವಾದುದಕ್ಕೆ ಟ್ರಿನಿಟಿ ಕ್ರಾಸ್, ಅಂದರೆ ತ್ರಯೈಕ್ಯದ ಶಿಲುಬೆ, ಎಂದು ಹೆಸರಾಯಿತು. ಕೆಳಗಿನ ಶ್ರೇಣಿಯ ಪದಕಗಳಲ್ಲಿ ಒಂದಕ್ಕೆ ಆ ದೇಶದ ರಾಷ್ಟ್ರಪುಷ್ಪವಾದ ಚಕೋನಿಯಾದ ಹೆಸರು, ಇನ್ನೊಂದಕ್ಕೆ ಅಲ್ಲಿನ ತೋಟಗಳಲ್ಲಿ ಹಾರಾಡುವ ಪುಟ್ಟ ಝೇಂಕಾರದ ಹಕ್ಕಿಯ ಹೆಸರು ಬಂದಿತು. ಕೂಲಿಗಳ ವಂಶದಲ್ಲಿ ಹುಟ್ಟಿ ಲೋಕವಿಖ್ಯಾತ ಸಾಹಿತಿಯಾದ ವಿ. ಎಸ್. ನೈಪಾಲರಿಗೂ, 1994ರಲ್ಲಿ ಟೆಸ್ಟ್ ಪಂದ್ಯವೊಂದರಲ್ಲಿ 375 ರನ್ ಹೊಡೆದ ಬ್ರಯನ್ ಲಾರಾರಿಗೂ ಟ್ರಿನಿಟಿ ಕ್ರಾಸ್ ಸಂದಿತು.

ಹೂವಿನ ಪದಕವನ್ನಾಗಲಿ ಹಕ್ಕಿಯ ಪದಕವನ್ನಾಗಲಿ ಎದೆಗೆ ಸಿಕ್ಕಿಸಿಕೊಳ್ಳಲು ಯಾರ ಧರ್ಮವೂ ಅಡ್ಡಿಯಾಗಲಿಲ್ಲ. ಹೂವು ಎಲ್ಲರ ಹಿತ್ತಿಲಲ್ಲೂ ಅರಳುತ್ತದೆ. ಹಕ್ಕಿ ದೇಗುಲ, ಮಸೀದಿ, ಇಗರ್ಜಿ ಎಂಬ ಭೇದವನ್ನು ಅರಿಯದು. ಆದರೆ ಶಿಲುಬೆ ಹಾಗಲ್ಲ. ಅದು ಒಂದು ಧರ್ಮದವರಿಗೆ ಪರಮ ಪವಿತ್ರವಾದ ಚಿಹ್ನೆ. ಆ ಕಾರಣದಿಂದಲೇ ಅದು ಇತರ ಧರ್ಮದವರ ಎದೆಯ ಮೇಲೆ ಸುಲಭವಾಗಿ ಕೂರಲಾರದು. 1995ರಲ್ಲಿ ಅಲ್ಲಿನ ಹಿಂದೂ ಧರ್ಮಗುರುಗಳೊಬ್ಬರು ತಮಗೆ ಬಂದ ಆ ಗೌರವವನ್ನು ವಿನಯದಿಂದ ನಿರಾಕರಿಸಿದರು. ದೇಶದ ಮೇಲೆ ಅವರಿಗೆ ಮುನಿಸಿರಲಿಲ್ಲ. ಆ ಚಿಹ್ನೆಯನ್ನು ಧರಿಸಲು ಅವರ ಮನಸ್ಸಾಕ್ಷಿ ಒಪ್ಪಲಿಲ್ಲ, ಅಷ್ಟೆ. ಇಲ್ಲಿ ಒಂದು ಸೂಕ್ಷ್ಮವಿದೆ. ಗೌರವಿಸುವ ಸರ್ಕಾರವು ಕೇಡನ್ನು ಬಗೆದಿರಲಿಲ್ಲ. ಆದರೂ, ದೇಶ ನಿನ್ನನ್ನು ಮೆಚ್ಚಿದೆ ಎಂದು ಹೇಳಹೊರಟ ಪದಕವು, ಮೆಚ್ಚುಗೆ ಬೇಕಾದರೆ ನಿನ್ನ ನಂಬಿಕೆಯನ್ನು ಒಂದು ಗಳಿಗೆ ಬದಿಗಿಡು ಎಂದು ಹೇಳಿದಂತಾಯಿತು.

ಸನಾತನ ಧರ್ಮ ಮಹಾಸಭೆಯೂ ಮುಸ್ಲಿಂ ಸಂಸ್ಥೆಯೊಂದೂ ಕೂಡಿ ಈ ವಿಷಯವನ್ನು ನ್ಯಾಯಾಲಯಕ್ಕೆ ಒಯ್ದವು. ಶಿಲುಬೆಯ ಆಕಾರದ ಪದಕ ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ, ಟ್ರಿನಿಟಿ ಎಂಬುದು ದ್ವೀಪದ ಹೆಸರಿನಿಂದಲೇ ಬಂದದ್ದು, ಇದರಲ್ಲಿ ಮತದ ಮಾತಿಲ್ಲ ಎಂಬುದು ಒಂದು ಪಕ್ಷದ ವಾದ. ಹೆಸರೂ ಆಕಾರವೂ ಕೂಡಿದಾಗ ಅದು ಕ್ರೈಸ್ತ ಚಿಹ್ನೆಯೇ ಆಗುತ್ತದೆ ಎಂಬುದು ಇನ್ನೊಂದು ಪಕ್ಷದ ವಾದ. 2006ರ ಮೇ ತಿಂಗಳಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪೀಟರ್ ಜಮಾದಾರ್ ಅವರು ಈ ಪದಕವು ಹಿಂದೂಗಳಿಗೂ ಮುಸ್ಲಿಮರಿಗೂ ತಾರತಮ್ಯವನ್ನು ಮಾಡುತ್ತದೆ ಎಂದು ಕಂಡುಕೊಂಡರು. ಆದರೆ ಹಳೆಯ ಕಾನೂನುಗಳಿಗೆ ಸಂವಿಧಾನ ನೀಡಿದ್ದ ರಕ್ಷಣೆಯ ಕಾರಣದಿಂದ ಅದನ್ನು ತೊಡೆದುಹಾಕಲು ಅವರಿಗೆ ಸಾಧ್ಯವಾಗಲಿಲ್ಲ. ನ್ಯಾಯಾಲಯ ಮಾಡಲಾಗದ್ದನ್ನು ಸರ್ಕಾರ ತಾನಾಗಿಯೇ ಮಾಡಿತು. 2008ರಲ್ಲಿ ಟ್ರಿನಿಟಿ ಕ್ರಾಸಿನ ಸ್ಥಾನದಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ಗಣರಾಜ್ಯದ ಪುರಸ್ಕಾರ ಎಂಬ ಹೊಸ ಅತ್ಯುನ್ನತ ಗೌರವವು ಬಂದಿತು. ಮರುವರ್ಷ, 2009ರ ಏಪ್ರಿಲ್‌ನಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಹಳೆಯ ಗೌರವದ ಸ್ವರೂಪವು ಸಮಾನತೆಯ ಹಕ್ಕಿಗೆ ವಿರುದ್ಧವಾದುದೆಂದು ತೀರ್ಪಿತ್ತಿತು. 2025ರ ಜುಲೈ 4ರಂದು ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರಿಗೆ ಆ ದೇಶದ ರಾಷ್ಟ್ರಾಧ್ಯಕ್ಷರು ಪ್ರದಾನಮಾಡಿದ್ದು ಈ ಹೊಸ ಗೌರವವನ್ನೇ. ಆ ಸಮಯದಲ್ಲಿ ಅಲ್ಲಿನ ಪ್ರಧಾನಮಂತ್ರಿಗಳಾಗಿದ್ದ ಕಮಲಾ ಪರ್ಸಾದ್ ಬಿಸ್ಸೇಸರ್ ಅವರ ಪೂರ್ವಜರು ಬಿಹಾರದ ಬಕ್ಸರ್ ಸೀಮೆಯಿಂದ ಹೋದವರು. ಕೂಲಿಯ ಹಡಗಿನಲ್ಲಿ ಹೋದವರ ಸಂತತಿಯವರು ಆಳುವವರಾಗಿ ನಿಂತು, ಪೂರ್ವಜರ ನಾಡಿನಿಂದ ಬಂದ ಅತಿಥಿಯನ್ನು ಯಾರ ಮನಸ್ಸಿಗೂ ಮುಜುಗರವಾಗದ ಗುರುತಿನಿಂದ ಗೌರವಿಸಿದರು. ಟ್ರಿನಿಟಿ ಕ್ರಾಸ್ ಉಳಿದಿದ್ದರೆ ಆ ಸಮಾರಂಭಕ್ಕೆ ಈ ಅರ್ಥ ಬರುತ್ತಿರಲಿಲ್ಲ.

ಇಷ್ಟು ದೂರದ ಕಥೆ ಕನ್ನಡ ನಾಡಿಗೆ ಏಕೆ ಬೇಕು ಎಂದು ಕೇಳಬಹುದು. ಬಿರುದು ಬಾವಲಿಗಳ ವಿಷಯದಲ್ಲಿ ಕನ್ನಡ ನಾಡು ಹಳೆಯ ಕೈ. ಪಟ್ಟ ಕಟ್ಟುವುದು, ಬೆಳ್ಗೊಡೆ ಹಿಡಿಯುವುದು, ಪಂಚಮಹಾಶಬ್ದಗಳನ್ನು ಮೊಳಗಿಸುವ ಹಕ್ಕನ್ನು ನೀಡುವುದು, ವೀರನ ಕಾಲಿಗೆ ಗಂಡಪೆಂಡಾರವನ್ನು ತೊಡಿಸುವುದು ಇವೆಲ್ಲ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಕಂಡುಬರುವ ಮರ್ಯಾದೆಗಳು. ಪೊನ್ನನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎನಿಸಿಕೊಂಡನು. ರನ್ನನು ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡನು. ತುರುವೇಕೆರೆಯ ಹೆಸರಿನಲ್ಲಿಯೇ ತುರುವಿದೆ. ತುರುಗಳನ್ನು ಕಾಯುವಾಗ ಮಡಿದವನಿಗೆ ಊರವರು ನೆಟ್ಟ ವೀರಗಲ್ಲು ಕನ್ನಡ ನೆಲದ ಅತ್ಯಂತ ಪುರಾತನವಾದ ಮರಣೋತ್ತರ ಗೌರವವೆಂದರೆ ತಪ್ಪಾಗದು.

ಆ ಹಳೆಯ ಗೌರವಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹೇಳುವ ಪ್ರಸಂಗ ಅತಿ ವಿಶಿಷ್ಟವಾದುದು. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಗಂಗ ದೊರೆ ಬೂತುಗನ ಪಕ್ಷದಲ್ಲಿ ಮಣಲೇರನೆಂಬ ವೀರನು ಹೋರಾಡಿದನು. ಮೆಚ್ಚಿದ ಬೂತುಗನು ಬೇಕಾದುದನ್ನು ಕೇಳೆಂದಾಗ, ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಒಡೆಯನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ಕಾಡುಹಂದಿಯೊಂದರೊಡನೆ ಹೋರಾಡಿತು. ನಾಯಿಯೂ ಹಂದಿಯೂ ಎರಡೂ ಸತ್ತವು. ಆ ನಾಯಿಯ ನೆನಪಿಗಾಗಿ ಆತಕೂರಿನ ಶಿವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ದೊಡ್ಡ ರಾಜರ ಎಷ್ಟೋ ದಾನಗಳು ಶಾಸನತಜ್ಞರಿಗೆ ಮಾತ್ರ ಗೊತ್ತು; ಕಾಳಿಯ ಕಥೆ ಸಾಮಾನ್ಯರಿಗೂ ಗೊತ್ತು. ಪಡೆದವನ ಮನಸ್ಸಿಗೆ ಒಪ್ಪಿದ ಗೌರವವೇ ಬಹುಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಾಗಿಲ್ಲ.

ಮೈಸೂರು ಅರಸರ ಆಳ್ವಿಕೆಯಲ್ಲಿಯೂ ಬಿರುದುಗಳ ಸಂಪ್ರದಾಯ ಸಾಗಿ ಬಂದಿತು. ಬಿ. ಎಂ. ಶ್ರೀಕಂಠಯ್ಯನವರು 1938ರಲ್ಲಿ ಪಡೆದ ರಾಜಸೇವಾಸಕ್ತ ಎಂಬ ಬಿರುದು ಅಂಥದ್ದು. ಆ ಅರಸರ ಲಾಂಛನವಾಗಿದ್ದ ಗಂಡಭೇರುಂಡವು ಇನ್ನೂ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಕಂಬದ ಮೇಲೆ ಆ ಎರಡು ತಲೆಯ ಪಕ್ಷಿ ಕಾಣಸಿಗುತ್ತದೆ. ಇಂದು ಕರ್ನಾಟಕ ರಾಜ್ಯದ ಮುದ್ರೆಯ ನಡುವೆ ಇರುವುದೂ ಅದೇ ಪಕ್ಷಿ. ಅರಸೊತ್ತಿಗೆ ಹೋಯಿತು, ಹಕ್ಕಿ ಉಳಿಯಿತು. ಅದು ಯಾವ ಮತದ ಸ್ವತ್ತೂ ಆಗಿರದೆ ನಾಡಿನ ಸ್ವತ್ತಾಗಿದ್ದುದರಿಂದಲೇ ಪ್ರಜಾಪ್ರಭುತ್ವಕ್ಕೂ ಅದು ಹೊಂದಿಕೊಂಡಿತು.

ಸ್ವತಂತ್ರ ಭಾರತವು ಬಿರುದುಗಳ ವಿಷಯದಲ್ಲಿ ಬಹು ಎಚ್ಚರದಿಂದ ಹೆಜ್ಜೆ ಇಟ್ಟಿತು. ಸೇನೆಯ ಮತ್ತು ವಿದ್ಯೆಯ ಪದವಿಗಳನ್ನು ಬಿಟ್ಟು ಬೇರಾವ ಬಿರುದನ್ನೂ ಪ್ರಭುತ್ವವು ನೀಡಕೂಡದು ಎಂದು ಸಂವಿಧಾನದ 18ನೆಯ ವಿಧಿ ಹೇಳುತ್ತದೆ. ರಾವ್ ಬಹದ್ದೂರ್, ದಿವಾನ್ ಬಹದ್ದೂರ್, ಸರ್ ಮೊದಲಾದವುಗಳಿಂದ ಬ್ರಿಟಿಷರು ಜನರನ್ನು ಮೇಲು ಕೀಳೆಂದು ಒಡೆದುದನ್ನು ಕಂಡವರು ಬರೆದ ವಿಧಿ ಅದು. ಆದರೂ ಗುಣಕ್ಕೆ ಮನ್ನಣೆ ಬೇಡವೆನ್ನಲಾದೀತೆ? 1954ರ ಜನವರಿಯಲ್ಲಿ ಭಾರತರತ್ನ ಪುರಸ್ಕಾರವನ್ನು ಸ್ಥಾಪಿಸಿದಾಗ ಅದರ ಪದಕವು ವೃತ್ತಾಕಾರದ್ದಾಗಿರಬೇಕೆಂದು ಗೊತ್ತುಮಾಡಲಾಗಿತ್ತು. ಮರುವರ್ಷವೇ ಅದನ್ನು ಬದಲಿಸಿ ಅರಳಿ ಎಲೆಯ ಆಕಾರವನ್ನು ನಿಶ್ಚಯಿಸಲಾಯಿತು. 5.8 ಸೆಂಟಿಮೀಟರ್ ಉದ್ದ, 4.7 ಸೆಂಟಿಮೀಟರ್ ಅಗಲದ ಕಂಚಿನ ಎಲೆ. ಅದರ ನಡುವೆ ಪ್ಲಾಟಿನಂ ಸೂರ್ಯ. ಕೆಳಗೆ ದೇವನಾಗರಿಯಲ್ಲಿ ಭಾರತರತ್ನ ಎಂಬ ಅಕ್ಷರಗಳು. ಬಿಳಿಯ ಪಟ್ಟಿಯಲ್ಲಿ ಅದನ್ನು ಕೊರಳಿಗೆ ಹಾಕಲಾಗುತ್ತದೆ.

ಅರಳಿಯ ಎಲೆ ಎಂಥ ವಿವೇಕದ ಆಯ್ಕೆ ಎಂಬುದು ಟ್ರಿನಿಡಾಡಿನ ಕಥೆಯನ್ನು ಕೇಳಿದವರಿಗೆ ಚೆನ್ನಾಗಿ ಹೊಳೆಯುತ್ತದೆ. ಬೌದ್ಧರಿಗೆ ಅದು ಬೋಧಿವೃಕ್ಷ. ಹಳ್ಳಿಯ ಹೆಂಗಸರಿಗೆ ಅದು ಅಶ್ವತ್ಥಕಟ್ಟೆ. ಪಂಚಾಯಿತಿ ನಡೆಸುವವರಿಗೆ ನ್ಯಾಯದ ನೆರಳು. ದನ ಕಾಯುವ ಹುಡುಗನಿಗೆ ಮಧ್ಯಾಹ್ನದ ತಂಪು. ಪೂಜಿಸುವವನು ಪೂಜಿಸಬಹುದು, ಪೂಜಿಸದವನು ನೆರಳಿನಲ್ಲಿ ಕುಳಿತು ಎದ್ದುಹೋಗಬಹುದು. ಯಾರನ್ನೂ ಒತ್ತಾಯಿಸದ ಚಿಹ್ನೆ ಅದು. ಅಬ್ದುಲ್ ಕಲಾಂ ಅವರೂ ಮದರ್ ತೆರೇಸಾ ಅವರೂ ಆ ಎಲೆಯನ್ನು ಕೊರಳಲ್ಲಿ ಧರಿಸಲು ಸಂಕೋಚಪಡಬೇಕಾದ ಪ್ರಸಂಗ ಬರಲಿಲ್ಲ.

ಕನ್ನಡ ನೆಲಕ್ಕೆ ಆ ಎಲೆ ಬಹು ಬೇಗ ಬಂದಿತು. 1955ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತರತ್ನರಾದರು. ಬ್ರಿಟಿಷರು 1915ರಲ್ಲಿ ಕೊಟ್ಟ ಸರ್ ಎಂಬ ಬಿರುದು ಜನರ ನಾಲಗೆಯ ಮೇಲೆ ಅವರ ಹೆಸರಿನೊಡನೆ ಬೆಸೆದುಹೋಗಿದೆ. ಸ್ವತಂತ್ರ ದೇಶ ಕೊಟ್ಟ ಗೌರವವೋ, ಹೆಸರಿನ ಹಿಂದೆ ಮುಂದೆ ಸೇರಿಸುವಂಥದ್ದಲ್ಲ. 1995ರ ಡಿಸೆಂಬರ್ ತಿಂಗಳ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಭಾರತರತ್ನ, ಪದ್ಮ ಪುರಸ್ಕಾರಗಳು ಬಿರುದುಗಳಲ್ಲ, ಗುಣಕ್ಕೆ ಸಲ್ಲುವ ಮನ್ನಣೆಗಳು. ಆದುದರಿಂದಲೇ ಅವು ಸಂವಿಧಾನಕ್ಕೆ ವಿರುದ್ಧವಲ್ಲ. ಆದರೆ ಅವನ್ನು ಹೆಸರಿಗೆ ಅಂಟಿಸಿಕೊಳ್ಳಬಾರದು. ಇದಕ್ಕೂ ಹಿಂದೆ, 1977ರಲ್ಲಿ, ಜನತಾ ಸರ್ಕಾರವು ಈ ಪುರಸ್ಕಾರಗಳನ್ನೇ ನಿಲ್ಲಿಸಿತ್ತು. 1980ರ ಜನವರಿಯಲ್ಲಿ ಅವು ಮತ್ತೆ ಆರಂಭವಾದವು. ಮನ್ನಣೆಯು ಸಮಾನತೆಗೆ ಕುಂದಾದೀತೆ ಎಂಬ ಶಂಕೆಯನ್ನು ಭಾರತವು ಹೀಗೆ ಸಂವಿಧಾನ, ಸರ್ಕಾರ, ನ್ಯಾಯಾಲಯ ಮೂರರಲ್ಲಿಯೂ ಒರೆಗೆ ಹಚ್ಚಿ ನೋಡಿದೆ.

ಕರ್ನಾಟಕ ರಾಜ್ಯದ ಅತ್ಯುನ್ನತ ನಾಗರಿಕ ಗೌರವವಾದ ಕರ್ನಾಟಕ ರತ್ನವು ಸಂದುದು 1992ರಲ್ಲಿ ಮೊದಲು. ಚಿನ್ನದ ಪದಕ, ಬಿನ್ನವತ್ತಳೆ, ಸ್ಮರಣಿಕೆ, ಶಾಲು ಅದರ ಅಂಗಗಳು. ಮೊದಲ ಬಾರಿಗೆ ಅದನ್ನು ಪಡೆದವರು ರಾಷ್ಟ್ರಕವಿ ಕುವೆಂಪು ಮತ್ತು ವರನಟ ಡಾ. ರಾಜ್‌ಕುಮಾರ್. ಒಬ್ಬರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಇನ್ನೊಬ್ಬರು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದವರು. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಆ ಗೌರವಕ್ಕೆ ಆರಂಭದಲ್ಲಿಯೇ ಬಂದ ಘನತೆ. ಮುಂದೆ 1999ರಲ್ಲಿ ಎಸ್. ನಿಜಲಿಂಗಪ್ಪ, 2000ದಲ್ಲಿ ಸಿ. ಎನ್. ಆರ್. ರಾವ್, 2001ರಲ್ಲಿ ಡಾ. ದೇವಿಪ್ರಸಾದ್ ಶೆಟ್ಟಿ, 2005ರಲ್ಲಿ ಪಂಡಿತ ಭೀಮಸೇನ ಜೋಶಿ, 2007ರಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು, 2008ರಲ್ಲಿ ದೇ. ಜವರೇಗೌಡ, 2009ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಅದಕ್ಕೆ ಪಾತ್ರರಾದರು. ಇವರಲ್ಲಿ ಭೀಮಸೇನ ಜೋಶಿಯವರನ್ನೂ ರಾವ್ ಅವರನ್ನೂ ಕೇಂದ್ರ ಸರ್ಕಾರವು ಕ್ರಮವಾಗಿ 2008ರಲ್ಲಿ ಮತ್ತು 2013ರಲ್ಲಿ ಭಾರತರತ್ನಕ್ಕೆ ಆರಿಸಿತು. ದೇಶದ ಕಣ್ಣಿಗೆ ಬೀಳುವ ಮೊದಲೇ ಮನೆಯವರ ಕಣ್ಣಿಗೆ ಬಿದ್ದಿದ್ದರು ಎಂದು ಕನ್ನಡಿಗರು ಹೆಮ್ಮೆಪಡಬಹುದು.

ಆದರೆ ಹೆಮ್ಮೆಯ ಜೊತೆಗೆ ಒಂದು ವಿಷಾದವೂ ಇದೆ. 2009ರ ತರುವಾಯ ಹನ್ನೆರಡು ವರ್ಷಗಳ ಕಾಲ ಯಾರ ಹೆಸರೂ ಬರಲಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ತೀರಿಕೊಂಡ ಬಳಿಕ ಅವರಿಗೆ ಮರಣೋತ್ತರವಾಗಿ ಗೌರವವನ್ನು ಘೋಷಿಸಲಾಯಿತು. 2022ರ ನವೆಂಬರ್ 1ರಂದು ವಿಧಾನಸೌಧದ ಮುಂದೆ ಅವರ ಪತ್ನಿ ಅದನ್ನು ಸ್ವೀಕರಿಸಿದರು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ನಟ ವಿಷ್ಣುವರ್ಧನ್ ಮತ್ತು ನಟಿ ಬಿ. ಸರೋಜಾದೇವಿಯವರಿಗೆ ಅದನ್ನು ನೀಡಲು ತೀರ್ಮಾನಿಸಿತು; ಅದೂ ಮರಣೋತ್ತರವೇ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ವೀರಗಲ್ಲು ಮಡಿದವನಿಗೆ ನೆಡುವ ಕಲ್ಲು, ಅದು ಸರಿಯೆ. ಆದರೆ ಬದುಕಿರುವವನ ಕಾಲಿಗೆ ತೊಡಿಸುವ ಗಂಡಪೆಂಡಾರವೂ ಈ ನಾಡಿನಲ್ಲಿ ಇತ್ತೆಂಬುದನ್ನು ಮರೆಯಬಾರದು. ಹೊತ್ತು ಮೀರಿ ಬಂದ ಮಳೆ ಕೆರೆಯನ್ನು ತುಂಬಿಸೀತು. ಒಣಗಿದ ಪೈರನ್ನು ಎಬ್ಬಿಸಲಾರದು.

ಕರ್ನಾಟಕ ರತ್ನರ ಸಾಲಿನಲ್ಲಿ ತುಮಕೂರು ಸೀಮೆಯವರಿಗೆ ಅತ್ಯಂತ ಹತ್ತಿರದ ಹೆಸರು ಶ್ರೀ ಶಿವಕುಮಾರ ಸ್ವಾಮಿಗಳದು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಅವರು ನಡೆದಾಡುವ ದೇವರೆಂದು ಜನರಿಂದ ಕರೆಸಿಕೊಂಡದ್ದು ಯಾವ ಸರ್ಕಾರದ ಆಜ್ಞೆಯಿಂದಲೂ ಅಲ್ಲ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಸಿದ್ಧಗಂಗೆಯಲ್ಲಿ ಉಂಡು ಓದುತ್ತಿದ್ದರು. ತುರುವೇಕೆರೆ, ತಿಪಟೂರುಗಳ ತೋಟದ ಕಾಯಿ, ಹೊಲದ ರಾಗಿ ಆ ದಾಸೋಹಕ್ಕೆ ಸಂದುದುಂಟು. ಶತಮಾನದ ಹೊಸ್ತಿಲಲ್ಲಿದ್ದ ಶ್ರೀಗಳಿಗೆ ಕರ್ನಾಟಕ ರತ್ನವೂ, 2015ರಲ್ಲಿ ಪದ್ಮಭೂಷಣವೂ ಬಂದವು. ಭಾರತರತ್ನವೂ ಅವರಿಗೆ ಸಲ್ಲಬೇಕೆಂದು ನಾಡು ಪಕ್ಷಭೇದವಿಲ್ಲದೆ ಮತ್ತೆ ಮತ್ತೆ ಕೇಳಿತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಹರಿದುಬಂದ ಜನಸಾಗರವು ಯಾವ ಪದಕಕ್ಕೂ ಕಾಯದೆ ತನ್ನ ಗೌರವವನ್ನು ಸಲ್ಲಿಸಿತು.

ಇನ್ನೊಂದು ದಾರಿಯನ್ನು ತೋರಿದವರು ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು. 2018ರಲ್ಲಿ ಅವರಿಗೆ ಪದ್ಮಶ್ರೀ ಪುರಸ್ಕಾರ ಘೋಷಿತವಾದಾಗ, ಸಂನ್ಯಾಸಿಯಾದ ತಮಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯಪೂರ್ವಕವಾಗಿ ಬರೆದು ಅವರು ಅದನ್ನು ಸ್ವೀಕರಿಸಲಿಲ್ಲ. ಕೊಟ್ಟವರನ್ನು ನೋಯಿಸದೆ, ತಮ್ಮ ವ್ರತವನ್ನು ಮುರಿಯದೆ ಅವರು ನಡೆದುಕೊಂಡ ರೀತಿ ಆದರ್ಶವಾದುದು. 2023ರ ಜನವರಿ 2ರಂದು ಅವರು ದೇಹವನ್ನು ಬಿಟ್ಟರು.

ಒಬ್ಬರು ಸ್ವೀಕರಿಸಿದರು, ಇನ್ನೊಬ್ಬರು ನಿರಾಕರಿಸಿದರು. ಇವರಲ್ಲಿ ಯಾರು ಮೇಲು ಎಂದು ತೂಗಹೊರಡುವುದು ಅವಿವೇಕ. ಸಾವಿರಾರು ಮಕ್ಕಳಿಗೆ ಅನ್ನವಿಕ್ಕುವ ಮನೆಯ ಯಜಮಾನನಿಗೆ ಸಲ್ಲುವ ಗೌರವ ಆ ಮನೆಗೇ ಸಲ್ಲುತ್ತದೆ. ಅದನ್ನು ಬೇಡವೆಂದರೆ, ಒಲೆಯ ಮುಂದೆ ಬೆವರು ಸುರಿಸಿದವರಿಗೂ ಒಂದು ಮೂಟೆ ರಾಗಿಯನ್ನು ತಲೆಯ ಮೇಲೆ ಹೊತ್ತು ತಂದ ರೈತನಿಗೂ ಬಂದ ಮೆಚ್ಚುಗೆಯನ್ನು ಹಿಂದಿರುಗಿಸಿದಂತೆ. ಏಕಾಕಿಯಾಗಿ ಊರಿಂದೂರಿಗೆ ನಡೆದು ಮಾತಿನಿಂದ ಜನರ ಮನಸ್ಸನ್ನು ತಿಳಿಗೊಳಿಸುವ ಪ್ರವಚನಕಾರನಿಗೆ ಪದಕವನ್ನು ಇಟ್ಟುಕೊಳ್ಳಲು ಜೇಬೂ ಬೇಡ, ಪೆಟ್ಟಿಗೆಯೂ ಬೇಡ. ಇಬ್ಬರಲ್ಲಿಯೂ ಸಮಾನವಾಗಿದ್ದುದು ಒಂದೇ: ಗೌರವವು ಬಂದರೂ ಬಾರದಿದ್ದರೂ ಮರುದಿನ ಬೆಳಗಿನ ಕಾಯಕ ಬದಲಾಗಲಿಲ್ಲ.

ಟ್ರಿನಿಡಾಡಿನ ಧರ್ಮಗುರುವಿನ ನಿರಾಕರಣೆ ಮಾತ್ರ ಬೇರೆಯ ಜಾತಿಯದು. ಅವರಿಗೆ ಗೌರವದಲ್ಲಿ ವಿರಕ್ತಿ ಇದ್ದುದಲ್ಲ. ಗೌರವದ ಗುರುತೇ ಅವರನ್ನು ಹೊರಗೆ ನಿಲ್ಲಿಸಿತು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸುವ ಸಮಾಜಕ್ಕೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಶಿವದಾರವು ಅಲಂಕಾರಕ್ಕೆ ಹಾಕಿಕೊಂಡ ಸರವಲ್ಲ. ಅದು ಧರಿಸಿದವನು ಯಾರು ಎಂಬುದರ ಉತ್ತರ. ಅಂಥವನ ಎದೆಯ ಮೇಲೆ ಇನ್ನೊಂದು ನಂಬಿಕೆಯ ಮುದ್ರೆಯನ್ನು ಒತ್ತಿ ಇದು ನಿನಗೆ ಸಂದ ಮರ್ಯಾದೆ ಎಂದರೆ ಅವನು ಏನು ಮಾಡಬೇಕು? ಹಾಗೆಯೇ, ತನ್ನ ಮುದ್ರೆಯನ್ನು ಪ್ರೀತಿಸುವ ಸಮಾಜವು ಇನ್ನೊಬ್ಬರ ಎದೆಯ ಮೇಲೆ ಅದನ್ನು ಹೇರುವುದೂ ತರವಲ್ಲ. ತಾನು ಧರಿಸುವುದು ಭಕ್ತಿ. ಇನ್ನೊಬ್ಬನಿಗೆ ಒತ್ತಾಯದಿಂದ ತೊಡಿಸುವುದು ಅಧಿಕಾರ. ಈ ಎರಡರ ನಡುವಣ ಗೆರೆಯನ್ನು ಗುರುತಿಸಲು ಆ ದ್ವೀಪದೇಶಕ್ಕೆ ನಲವತ್ತು ವರ್ಷ ಹಿಡಿಯಿತು. ಆದರೂ ಅದು ಗುರುತಿಸಿತು, ತಿದ್ದಿಕೊಂಡಿತು ಎಂಬುದು ಅದರ ಹಿರಿಮೆ.

ಹಳ್ಳಿಯ ಜನ ಈ ಗೆರೆಯನ್ನು ಸಹಜವಾಗಿಯೇ ಬಲ್ಲರು. ತುರುವೇಕೆರೆಯ ಕಡೆ ಮನೆಗೆ ಬಂದವರನ್ನು ಬೀಳ್ಕೊಡುವಾಗ ಕೊಡುವುದು ತೆಂಗಿನಕಾಯಿ, ಎಲೆ ಅಡಕೆ. ಹಿರಿಯರು ಊರಿಗೆ ಬಂದರೆ ಕೊಬ್ಬರಿಯ ಹಾರವನ್ನು ಹಾಕುವುದೂ ಉಂಟು. ಆ ಗೌರವಕ್ಕೆ ಬಿನ್ನವತ್ತಳೆಯಿಲ್ಲ, ಮುದ್ರೆಯಿಲ್ಲ. ಕಾಯಿಯನ್ನು ದೇವರಿಗೆ ಒಡೆಯುವವನು ಒಡೆಯುತ್ತಾನೆ. ಸಾರಿಗೆ ತುರಿಯುವವಳು ತುರಿಯುತ್ತಾಳೆ. ಮಗುವಿನ ಕೈಗೆ ಒಂದು ಹೋಳು ಬೆಲ್ಲದೊಡನೆ ಸೇರುತ್ತದೆ. ಪಡೆದವನು ಅದನ್ನು ತನ್ನ ನಂಬಿಕೆಗೂ ತನ್ನ ಅಡುಗೆಮನೆಗೂ ಒಗ್ಗುವಂತೆ ಬಳಸಿಕೊಳ್ಳಬಹುದು. ತೋಟದಲ್ಲಿ ಬೆಳೆದುದನ್ನೇ ಕೊಡುವುದರಿಂದ ಕೊಡುವವನ ಶ್ರಮವೂ ಅದರಲ್ಲಿ ಸೇರಿರುತ್ತದೆ. ಮನ್ನಣೆಯ ಎಲ್ಲ ಲಕ್ಷಣಗಳೂ ಆ ಒಂದು ಕಾಯಿಯಲ್ಲಿವೆ.

ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದಲ್ಲಿರುವ ಕರಿಯ ಕಲ್ಲಿನ ನಂದಿಯು ಕನ್ನಡಿಯಂತೆ ಹೊಳೆಯುತ್ತದೆ. ಅದನ್ನು ನೋಡಲು ಬಂದವರು ನಯಗೆಲಸವನ್ನು ಕಂಡು ಬೆರಗಾಗುತ್ತಾರೆ. ಕೆತ್ತಿದವನಿಗೆ ಯಾವ ಬಿರುದಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ವಿದ್ಯಾಸಂಸ್ಥೆಗಳ ಅಡಿಪಾಯದಲ್ಲಿಯೂ ಅಂಥ ಕೈಗಳು ಅನೇಕ. ದಾನಿಗಳ ಹೆಸರು ಕಲ್ಲಿನ ಮೇಲೆ ಇರುವುದು ಯುಕ್ತವೇ. ಅದರಿಂದ ಮತ್ತೊಬ್ಬರಿಗೆ ಕೊಡುವ ಮನಸ್ಸು ಹುಟ್ಟುತ್ತದೆ. ಆದರೆ ಗಂಟೆ ಬಾರಿಸಿದ ಜವಾನ, ಮಕ್ಕಳ ತಟ್ಟೆಗೆ ಮುದ್ದೆ ಇಕ್ಕಿದ ಅಡುಗೆಯವಳು, ಮೂವತ್ತು ವರ್ಷ ಒಂದನೆಯ ತರಗತಿಗೆ ಅ ಆ ಇ ಈ ತಿದ್ದಿಸಿದ ಉಪಾಧ್ಯಾಯ, ಇವರಿಗೂ ಒಂದು ಶಾಲನ್ನು ಅವರು ಬದುಕಿರುವಾಗಲೇ ಹೊದಿಸುವ ಸಂಸ್ಥೆಯು ಗೌರವದ ಮರ್ಮವನ್ನು ಅರಿತ ಸಂಸ್ಥೆ. ಸಮಯಕ್ಕೆ ಸಲ್ಲಬೇಕು, ಯೋಗ್ಯರಿಗೆ ಸಲ್ಲಬೇಕು, ಪಡೆಯುವವನ ಮನಸ್ಸಾಕ್ಷಿಗೆ ಒಪ್ಪುವ ರೂಪದಲ್ಲಿ ಸಲ್ಲಬೇಕು. ಈ ಮೂರೂ ಕೂಡಿದಾಗ ಮನ್ನಣೆ ನಿಜವಾದ ಮನ್ನಣೆಯಾಗುತ್ತದೆ.

ವಾರ್ಷಿಕೋತ್ಸವದ ದಿನ ಬಹುಮಾನವನ್ನು ಪಡೆಯಲು ವೇದಿಕೆಯನ್ನು ಹತ್ತುವ ಮಕ್ಕಳಲ್ಲಿ ವಿಭೂತಿಯನ್ನು ಧರಿಸಿದವರಿರುತ್ತಾರೆ, ನಾಮವಿಟ್ಟವರಿರುತ್ತಾರೆ, ಟೋಪಿ ಹಾಕಿದವರಿರುತ್ತಾರೆ, ಏನನ್ನೂ ಧರಿಸದವರೂ ಇರುತ್ತಾರೆ. ಅವರ ಕೈಗೆ ಬರುವುದು ಒಂದು ಪುಸ್ತಕವೋ ಒಂದು ಸ್ಟೀಲಿನ ಲೋಟವೋ ಇರಬಹುದು. ಆ ಮಗು ಅದನ್ನು ಮನೆಗೆ ಒಯ್ದು ಅಜ್ಜಿಯ ಮುಂದೆ ಹಿಡಿದಾಗ ಅಜ್ಜಿ ಯಾವ ಸಂಕೋಚವೂ ಇಲ್ಲದೆ ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಳ್ಳುವಂತಿದ್ದರೆ, ಕೊಟ್ಟವರ ಕೈ ಸರಿಯಾದುದನ್ನೇ ಕೊಟ್ಟಿದೆಯೆಂದು ತಿಳಿಯಬಹುದು.